ಅಣ್ಣ ಕೊಟ್ಟ ಬೂದಿ

ಅವ್ವನ ಹಿತ್ತಾಳೆ ತಂಬಿಗೆ ಅಷ್ಟು ಹೊಳೆದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕಿದ ಪಾತ್ರೆಗಳ ನಡುವೆ ಅದೊಂದು ಬೇರೆ ಯಾರದೋ ಮನೆಯದರ ಹಾಗೆ ಕಾಣುತ್ತಿತ್ತು. ಲಿಂಗಸುಗೂರಿನ ಬಸ್ಸಿಗೆ ತಡವಾಗುತ್ತಿದ್ದರೂ ನಿಂತು ಕೇಳಿದೆ, ಏನು ಹಚ್ಚಿ ತಿಕ್ಕಿದೆ ಎಂದು.

"ನಿಮ್ಮಣ್ಣ ಕೊಟ್ಟ ಬೂದಿ," ಅಂದಳು ಅವ್ವ. "ನೀ ಓದಿದ ಪುಸ್ತಕ ಹಚ್ಚಿ ತಿಕ್ಕಿದ್ರ ಹಿಂಗ ಹೊಳಿತಿತ್ತೇನು?"

ಎರಡನೆಯ ಮಾತನ್ನು ಅವ್ವ ನಿಜವಾಗಿ ಅಂದಳೋ, ಆಮೇಲೆ ನಾನೇ ಸೇರಿಸಿಕೊಂಡೆನೋ ಹೇಳಲಾರೆ. ಕೇಳಿದರೆ, ತಾನು ಹಾಗೆಲ್ಲ ಅನ್ನುವವಳೇ ಅಲ್ಲ ಎನ್ನುತ್ತಾಳೆ. ಆದರೆ ಆ ಬೆಳಿಗ್ಗೆ ಮಸ್ಕಿ ದಾಟುವ ತನಕ ಬಸ್ಸಿನ ಕಿಟಕಿಗೆ ತಲೆಯಿಟ್ಟು ನಾನು ಒಂದು ತಂಬಿಗೆಯ ಹೊಳಪಿಗೆ ಹೊಟ್ಟೆಕಿಚ್ಚು ಪಟ್ಟದ್ದು ನಿಜ. ಅದರಲ್ಲಿ ನನಗೆ ಸಂಶಯವಿಲ್ಲ.

ಅಣ್ಣ ಅಂದರೆ ನನ್ನ ದೊಡ್ಡವ್ವನ ಮಗ. ನನಗಿಂತ ಎಂಟೇ ತಿಂಗಳು ದೊಡ್ಡವನು. ಆ ಎಂಟು ತಿಂಗಳಿಗಾಗಿ ಜೀವಮಾನವೆಲ್ಲ ಅವನನ್ನು ಅಣ್ಣ ಎಂದು ಕರೆಯಬೇಕಾಗಿದೆ. ದೊಡ್ಡವ್ವ ತೀರಿಕೊಂಡಾಗ ಅವ್ವ ಅವನನ್ನು ತುರ್ವಿಹಾಳದಿಂದ ಸಿಂಧನೂರಿಗೆ, ನಮ್ಮ ಮನೆಗೆ ಕರೆತಂದಳು. ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡು ಬೆಳೆದೆವು ಎಂದು ಅವ್ವ ಎಲ್ಲರಿಗೂ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಎರಡು ಗಂಗಾಳಗಳಿವೆ. ಅವನದರಲ್ಲಿ ತುಪ್ಪ ಹೆಚ್ಚು.

ಅವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಬಿದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಫಲಿತಾಂಶ ಬಂದ ದಿನ ಅವ್ವ ಓಣಿಗೆಲ್ಲ ಪೇಢೆ ಹಂಚಿದಳು, ಮೊದಲ ಪೇಢೆಯನ್ನು ಅವನ ಬಾಯಿಗಿಟ್ಟಳು. ಅವನು ಬಾಗಿಲಲ್ಲೇ ನಿಂತಿದ್ದ, ಅದಕ್ಕೆ ಎನ್ನುತ್ತಾಳೆ ಈಗ. ಇರಬಹುದು. ಅದಾದ ಮೇಲೆ ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ. ಇಷ್ಟು ವರ್ಷಗಳಾದರೂ ಅಲ್ಲಿ ಇನ್ನೂ ಅತಿಥಿಯೇ. ಅಷ್ಟರಲ್ಲಿ ಅವನು ರೇಡಿಯೋದಿಂದ ಟಿವಿಗೆ, ಟಿವಿಯಿಂದ ಮೊಬೈಲಿಗೆ ಬಂದು, ಕೊನೆಗೆ ರಿಪೇರಿಯಾಗದ್ದನ್ನೇ ಕೊಳ್ಳಲು ಶುರುಮಾಡಿದ್ದ. ಗೊರೇಬಾಳದ ದಾರಿಯಲ್ಲಿ, ಒಂದು ರೈಸ್ ಮಿಲ್ಲಿನ ಹಿಂದೆ ತಗಡಿನ ಶೆಡ್ಡು ಹಾಕಿದ. ಡಬ್ಬಾ ಟಿವಿ, ಸುಟ್ಟ ಸ್ಟೆಬಿಲೈಜರ್, ಬಟನ್ ಮೊಬೈಲು, ಕಚೇರಿಗಳಿಂದ ಬಂದ ಕಂಪ್ಯೂಟರು, ಎಲ್ಲ ಅಲ್ಲಿಗೇ ಬರುತ್ತಿದ್ದವು. ನನ್ನ ಮೊದಲ ಕಂಪ್ಯೂಟರನ್ನು ನಾನೇ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ಕೊಟ್ಟಿದ್ದೆ.

ವೈರು ಸುಟ್ಟು ತಾಮ್ರ ತೆಗೆಯುವವರು ಬೇರೆ ಊರುಗಳಲ್ಲೂ ಇದ್ದಾರೆ. ಅವರು ಹಳೆಯ ಟೈರು ಹಾಕಿ ಬೆಂಕಿ ಕೊಡುತ್ತಾರೆ, ಕರಿ ಹೊಗೆ ಏಳುತ್ತದೆ, ಸುತ್ತಲಿನವರು ಜಗಳಕ್ಕೆ ಬರುತ್ತಾರೆ. ಅಣ್ಣ ಹಾಗೆ ಮಾಡಲಿಲ್ಲ. ಮಿಲ್ಲಿನ ಭತ್ತದ ಹೊಟ್ಟನ್ನು ಗುಂಡಿಗೆ ತುಂಬಿ, ನಡುವೆ ವೈರಿನ ಸುರುಳಿಗಳನ್ನು ಹೂತು, ಕೆಳಗಿನಿಂದ ಕಿಡಿ ತಾಗಿಸುತ್ತಿದ್ದ. ಹೊಟ್ಟು ಉರಿಯುವುದಿಲ್ಲ, ಒಳಗೊಳಗೇ ಕಾಯುತ್ತದೆ. ಎರಡು ದಿನದಲ್ಲಿ ರಬ್ಬರೆಲ್ಲ ಹೋಗಿ ತಾಮ್ರ ಮೆತ್ತಗೆ, ಕೆಂಪಗೆ ಹೊರಬರುತ್ತಿತ್ತು. ಆ ಕಾವು ದಂಡವಾಗಬಾರದೆಂದು ಗುಂಡಿಯ ಮೇಲೆ ಕಬ್ಬಿಣದ ಜಾಳಿಗೆ ಇಟ್ಟು ಅದರ ಮೇಲೆ ಟಿವಿ, ಕಂಪ್ಯೂಟರಿನ ಬೋರ್ಡುಗಳನ್ನು ಹರಡುತ್ತಿದ್ದ. ಬೆಸುಗೆ ಕರಗಿ ಕೆಳಗಿನ ಬೂದಿಗೆ ತೊಟ್ಟಿಕ್ಕುತ್ತಿತ್ತು, ಬಿಡಿಭಾಗಗಳು ತಟ್ಟಿದರೆ ಉದುರುತ್ತಿದ್ದವು. ನಾನು ಕರಿಹಲಗೆಯ ಮೇಲೆ ಬರೆದು ಕಲಿಸುವ ನಿಧಾನ ದಹನವನ್ನು ಅವನು ಓದದೇ ಕಂಡುಹಿಡಿದಿದ್ದ. ಮೊದಲ ಸಲ ನೋಡಿದಾಗ ಭಲೇ ಅನ್ನಬೇಕೆನಿಸಿತ್ತು. ಅನ್ನಲಿಲ್ಲ.

ಕೊನೆಗೆ ತಾಮ್ರದ ಚೂರು ಉಳಿಯಬಾರದೆಂದು ಬೂದಿಯನ್ನು ಹಿಟ್ಟಿನ ಜರಡಿಯಲ್ಲಿ ಹಿಡಿಯುತ್ತಿದ್ದ. ಜರಡಿಯ ಕೆಳಗೆ ಬೀಳುತ್ತಿದ್ದದ್ದು ಅರಿಸಿನಪುಡಿಯಷ್ಟು ನುಣ್ಣಗಿನ ಬೂದಿ. ನಮ್ಮ ಕಡೆ ಹೊಟ್ಟಿನ ಬೂದಿಯನ್ನು ಯಾರೂ ಚೆಲ್ಲುವುದಿಲ್ಲ. ಪಾತ್ರೆಗೆ ಅದೇ, ಹಿತ್ತಲ ಅವರೆ ಬಳ್ಳಿಗೆ ಅದೇ, ಭತ್ತದ ಸಸಿ ಮಡಿಗೆ ಅದೇ, ಹಳಬರಿಗೆ ಹಲ್ಲುಜ್ಜಲಿಕ್ಕೂ ಅದೇ. ಮಿಲ್ಲಿನ ಬೂದಿ ಈಗ ಲಾರಿ ಲಾರಿಯಾಗಿ ಇಟ್ಟಿಗೆ ಭಟ್ಟಿಗಳಿಗೆ ಹೋಗುವುದರಿಂದ ಓಣಿಯ ಹೆಂಗಸರಿಗೆ ಸಿಗುವುದು ಕಷ್ಟವಾಗಿತ್ತು. ಅಣ್ಣ ಚೀಲ ತುಂಬಿ ಪುಕ್ಕಟೆ ಕೊಟ್ಟ. ಮನೆಮನೆಯ ಕಲ್ಲಿನ ಮೇಲೂ ಪಾತ್ರೆಗಳು ಹೊಳೆದವು. ಮನೆಮನೆಯಲ್ಲೂ ಅವನ ಹೆಸರು.

ಮೊದಲ ಚೀಲ ಬಂದ ಕೆಲವು ವಾರಗಳ ನಂತರ, ಪಾತ್ರೆ ತೊಳೆದ ನೀರು ಹರಿದುಹೋದ ಕಲ್ಲಿನ ಸಂದಿಯಲ್ಲಿ ಗಸಗಸೆಯಷ್ಟು ಸಣ್ಣ ಬೂದುಬಣ್ಣದ ಗುಂಡುಗಳು ಮಿಂಚಿದ್ದನ್ನು ಕಂಡೆ. ಚಮಚದ ಬೆನ್ನಿನಿಂದ ಒತ್ತಿದರೆ ಚಪ್ಪಟೆಯಾದವು, ಬೋರ್ಡಿನ ಬೆಸುಗೆಯ ಹಾಗೆ. ಕಾಗದದಲ್ಲಿ ಸುತ್ತಿ ಕಾಲೇಜಿಗೆ ಒಯ್ದೆ. ಆಸಿಡ್ಡಿನಲ್ಲಿ ಕರಗಿಸಿ, ತಳದಲ್ಲಿ ನಿಂತ ಬಿಳಿಯ ತವರವನ್ನು ಬಿಟ್ಟು, ಮೇಲಿನ ತಿಳಿಗೆ ಪೊಟ್ಯಾಸಿಯಂ ಅಯೋಡೈಡ್ ಹನಿಸಿದೆ. ಚಿನ್ನದಂಥ ಹಳದಿ ಇಳಿಯಿತು. ಸೀಸ.

ಆಗ ನನಗೆ ಏನನಿಸಿತೆಂದು ಇಲ್ಲಿ ಸರಿಯಾಗಿ ಬರೆಯಬೇಕು. ಭಯವಾಗಲಿಲ್ಲ. ಸಂತೋಷವಾಯಿತು. ಚಿಕ್ಕಂದಿನಿಂದ ಅವನ ಹತ್ತಿರ ಇಲ್ಲದ, ನನ್ನ ಹತ್ತಿರ ಮಾತ್ರ ಇರುವ ಒಂದು ವಸ್ತು ಸಿಕ್ಕಿತ್ತು. ಆ ಹಳದಿಯನ್ನು ಸಣ್ಣ ಗಾಜಿನ ಬಾಟಲಿಗೆ ಹಾಕಿ ಬಿರಡೆ ಬಿಗಿದು ಮನೆಗೆ ತಂದೆ.

ತಂದ ಕೂಡಲೇ ಹೇಳಲಿಲ್ಲ. ಹೇಳಿದರೆ ಅವ್ವ ನಂಬುವುದಿಲ್ಲ, ಎಲ್ಲರೂ ಇರುವಾಗ, ತಿರುಗಿ ಮಾತಾಡಲಾಗದ ಹಾಗೆ ಹೇಳಬೇಕು ಎಂದುಕೊಂಡೆ. ಎಷ್ಟು ದಿನ ಕಾದೆ? ಒಂದು ವಾರ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಒಂದು ವಾರ ಎಂದೇ. ಆ ದಿನಗಳಲ್ಲಿ ಅವ್ವ ನನ್ನನ್ನೂ ಹೊಗಳುತ್ತಿದ್ದಳು ಎಂಬುದು ಚೆನ್ನಾಗಿ ನೆನಪಿದೆ. ಉಂಡ ಗಂಗಾಳವನ್ನು ನಾನೇ ಎದ್ದು ಸಾಬೂನು ಹಚ್ಚಿ ತೊಳೆದಿಡಲು ಶುರುಮಾಡಿದ್ದೆ. ಮಗ ಬದಲಾದ ಎಂದು ಅವ್ವ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು. ಅಪರೂಪದ ಹೊಗಳಿಕೆ, ಅದಕ್ಕೇ ನೆನಪಿದೆ ಎಂದುಕೊಂಡಿದ್ದೆ.

ಜನವರಿಯಲ್ಲಿ ಓಣಿಯಲ್ಲಿ ಧ್ವಜ ಹಾರಿಸಿದ ದಿನ ಅಣ್ಣನಿಗೆ ಶಾಲು ಹೊದಿಸಿದರು. ಊರಿನ ಕಸವನ್ನು ಊರಿನ ಹೊರಗೆ ಒಯ್ದವನು ಎಂದು ಒಬ್ಬ ಹಿರಿಯರು ಮೈಕಿನಲ್ಲಿ ಹೇಳಿದರು. ಆ ಕಸ ಬೂದಿಯಾಗಿ ಮತ್ತೆ ಊರಿನೊಳಗೇ ಬರುತ್ತಿದೆ ಎಂಬುದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆಮೇಲೆ ಎಲ್ಲರೂ ನಮ್ಮ ಮನೆಯಲ್ಲಿ ಚಹಾಕ್ಕೆ ಕೂತರು. ನಾನು ಬಾಟಲಿಯನ್ನು ನಡುಮನೆಯಲ್ಲಿಟ್ಟು ಪಾಠ ಹೇಳುವ ದನಿಯಲ್ಲಿ ಹೇಳಿದೆ: ಈ ಬೂದಿಯಲ್ಲಿ ವಿಷವಿದೆ, ಪಾತ್ರೆಯಿಂದ ಹೊಟ್ಟೆಗೆ ಹೋಗುತ್ತದೆ, ನೆತ್ತರಲ್ಲಿ, ಎಲುಬಿನಲ್ಲಿ ಕೂರುತ್ತದೆ, ಮಕ್ಕಳ ಬುದ್ಧಿಗೆ ಕುತ್ತು.

ಅಣ್ಣ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ನಕ್ಕ.

"ತಮ್ಮಾ, ಸಾಲ್ಯಾಗ ನನ್ನ ಪೆನ್ನು ಮುರಿದಿದ್ದಿ. ಈಗ ಬೂದಿಗೂ ಬಂದ್ಯಾ?"

ಎಲ್ಲರೂ ನಕ್ಕರು. ಅವನ ಪೆನ್ನು ನಾನು ಮುರಿದದ್ದು ನನಗೆ ನೆನಪಿಲ್ಲ, ನಕ್ಕವರಿಗೆಲ್ಲ ನೆನಪಿತ್ತು. ಅವ್ವ ಮಾತ್ರ ನಗಲಿಲ್ಲ. ಅವನು ಶಾಲು ಹೊದ್ದ ದಿನವೇ ಇದನ್ನು ಹೇಳಬೇಕಿತ್ತೇ ಎಂದು ಕೇಳಿ, ಕಪ್ಪುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬೂದಿ ಹಚ್ಚಿ ತಿಕ್ಕುವ ಸದ್ದು ಅಲ್ಲಿಂದ ಬಂತು. ನನ್ನ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿದ್ದರಿಂದ ನನ್ನ ಸೀಸವನ್ನು ಯಾರೂ ನಂಬಲಿಲ್ಲ.

ನಂಬಿದವನು ಅವನೇ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ. ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಾಗ ಇಳಿದು, ಚಹಾದ ಅಂಗಡಿಯ ಮುಂದೆ, ಬೂಟಿನ ತುದಿಯಿಂದ ನೆಲ ಕೆರೆಯುತ್ತ ಕೇಳಿದ.

"ಖರೇನ ಹೇಳು. ಹುಡುಗಿ ಎರಡು ತಿಂಗಳಿಂದ ಹೊಟ್ಟಿ ನೋವು ಅನ್ನಾಕತ್ತಾಳ. ಮುಂಜಾನೆ ಆಯಿ ಜೋಡಿ ಕುಂತು ಅದ ಬೂದಿಲೇ ಹಲ್ಲು ತಿಕ್ಕತಾಳ."

ಹುಡುಗಿ ಅಂದರೆ ಅವನ ಒಬ್ಬಳೇ ಮಗಳು, ಆಗ ಆರು ವರ್ಷ. ಎದ್ದ ಕೂಡಲೇ ಅದೇ ಓಣಿಯ ತಮ್ಮ ಮನೆಯಿಂದ ನಮ್ಮ ಮನೆಗೆ ಓಡಿಬಂದು ಅವ್ವನ ಪಕ್ಕ ಕೂರುತ್ತಿದ್ದಳು. ಅವ್ವ ಬೆರಳಲ್ಲಿ ಬೂದಿ ತೆಗೆದುಕೊಂಡರೆ ಅವಳಿಗೂ ಬೇಕು. ನಾನು ಖರೆ ಎಂದೆ. ತಡಮಾಡದೆ ನೆತ್ತರು ಪರೀಕ್ಷೆ ಮಾಡಿಸು ಎಂದೆ. ಅವನು ತಲೆಯಾಡಿಸಿದ.

"ನಿನಗ ಯಾವಾಗ ಗೊತ್ತಾತು?"

"ಹೋದ ವಾರ," ಅಂದೆ.

ಅವನು ಅಲ್ಲಿಂದಲೇ ಸಿಂಧನೂರಿನ ಬಸ್ಸು ಹಿಡಿದ. ಪುರಾವೆ ಕೇಳಲಿಲ್ಲ, ಬಾಟಲಿ ತೋರಿಸು ಎನ್ನಲಿಲ್ಲ. ಅನುಮಾನ ಪಡುವುದನ್ನೇ ಕಲಿತು ಡಿಗ್ರಿ ಪಡೆದ ನನಗೆ ಅದೂ ಸಹಿಸಲಾಗಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ, ಅವನ ಮಾತು ಸುಳ್ಳೆಂದು ತೋರಿಸಲು ಒಂದು ತಿಂಗಳು ಕಳೆಯುತ್ತಿದ್ದೆ.

ಹುಡುಗಿಯ ನೆತ್ತರಿನಲ್ಲಿ ಸೀಸ ಇರಬಾರದಷ್ಟು ಇತ್ತು. ರಾಯಚೂರಿನ ಮಕ್ಕಳ ಡಾಕ್ಟರು, ಮೊದಲು ಬೂದಿ ನಿಲ್ಲಿಸಿ, ಮಗುವಿನ ಕೈ ತೊಳೆಸುತ್ತಿರಿ, ಹೊಟ್ಟೆ ತುಂಬ ಉಣಿಸಿ, ಮತ್ತೆ ಮತ್ತೆ ಪರೀಕ್ಷೆಗೆ ಬನ್ನಿ ಎಂದರು. ಓದು, ನೆನಪು ಹಿಂದೆ ಬೀಳಬಹುದು, ಗಮನವಿರಲಿ ಎಂದೂ ಹೇಳಿದರು. ಅಣ್ಣ ಗುಂಡಿ ಮುಚ್ಚಿದ. ಶಾಲು ಹೊದ್ದ ಹೆಗಲ ಮೇಲೇ ಖಾಲಿ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ತಾನು ಕೊಟ್ಟ ಬೂದಿಯನ್ನು ವಾಪಸು ಕೇಳಿದ. ಕೆಲವರು ಕೊಡಲಿಲ್ಲ, ಅಷ್ಟು ಒಳ್ಳೆಯ ಬೂದಿ ಮತ್ತೆ ಸಿಗುವುದಿಲ್ಲವಂತೆ. ಗೊರೇಬಾಳದ ಸಸಿ ಮಡಿಗಳಿಗೆ ಹೋದದ್ದನ್ನು ಕೇಳುವಂತೆಯೇ ಇರಲಿಲ್ಲ. ಈಗ ಅವನು ಏನನ್ನೂ ಸುಡುವುದಿಲ್ಲ. ಸಾಮಾನನ್ನು ಒಡೆಯದೆ ಹಾಗೆಯೇ ಕೂಡಿಟ್ಟು, ದೂರದ ಕಾರ್ಖಾನೆಯಿಂದ ಬರುವ ಲಾರಿಗೆ ತುಂಬಿಸುತ್ತಾನೆ. ಮುಚ್ಚಿದ ಗುಂಡಿಯ ಮೇಲೆ ಹುಲ್ಲು ಬೆಳೆದಿದೆ. ಅದರ ಕೆಳಗಿರುವುದು ಎಲ್ಲಿಗೂ ಹೋಗಿಲ್ಲ ಎಂದು ನನಗೆ ಗೊತ್ತು.

ನನಗೆ ಹೆಸರು ಬಂತು. ತಮ್ಮ ಓದಿದವ, ಅವನಿಂದ ಮಗಳು ಉಳಿದಳು ಎಂದು ಅವನೇ ಹೇಳಿಕೊಂಡು ಬಂದ. ಅವ್ವ ತುಪ್ಪವನ್ನು ಮೊದಲು ನನ್ನ ಗಂಗಾಳಕ್ಕೆ ಹಾಕತೊಡಗಿದಳು. ಚಿಕ್ಕಂದಿನಿಂದ ಬೇಕಾಗಿದ್ದದ್ದು ಅದೇ. ಸಂಜೆ ಹೊತ್ತು ಹುಡುಗಿಗೆ ಪಾಠ ಹೇಳುವುದು ನನ್ನ ಕೆಲಸವಾಯಿತು. ಅವಳು ಲೆಕ್ಕದಲ್ಲಿ ತಡವರಿಸಿದಾಗಲೆಲ್ಲ ಇದು ಸೀಸವೋ ಅಥವಾ ಅವಳಪ್ಪನ ಗಣಿತವೋ ಎಂದು ಯೋಚಿಸುತ್ತೇನೆ.

ಹೋದ ತಿಂಗಳು ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಅವಳು ಈಗ ನಾಲ್ಕನೇ ತರಗತಿ. ವಿಜ್ಞಾನದ ಪುಸ್ತಕದಲ್ಲಿ ಯಾವುದೋ ಹಳದಿ ದ್ರವದ ಬಾಟಲಿಯ ಚಿತ್ರ ಬಂತು. ತಲೆಯೆತ್ತಿ ಹೇಳಿದಳು:

"ಕಾಕಾ, ನೀನೂ ಇಂಥಾ ಬಾಟ್ಲಿ ತಂದಿದ್ದಿ. ಶರಬತ್ತೇನು ಅಂದ್ರ ಔಷಧ ಅಂದಿ. ಅವಾಗ ನನ್ನ ಒಂದೂ ಹಲ್ಲು ಬಿದ್ದಿದ್ದಿಲ್ಲ."

ಅವಳ ಮೊದಲ ಹಲ್ಲು ಬಿದ್ದದ್ದು ಆ ಜನವರಿಗೆ ಮೊದಲಿನ ದೀಪಾವಳಿಯ ಪಾಡ್ಯದ ದಿನ. ಬಾಗಿಲಿಗೆ ಪಾಂಡವರ ಗೊಂಬೆಗಳನ್ನು ಮಾಡಿ ಉಳಿದ ಸಗಣಿಯಲ್ಲಿ ಅದನ್ನು ಸುತ್ತಿ, ಅವಳ ಕೈ ಹಿಡಿದು ಮಾಳಿಗೆಯ ಮೇಲೆ ಎಸೆಯಿಸಿದವನು ನಾನೇ. ಆ ಮಾತು ಕೇಳಿದ ಕೂಡಲೇ ಕಣ್ಣ ಮುಂದೆ ಬಂತು: ಹಿತ್ತಲು, ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತ ಹುಡುಗಿ, ಬೂದಿ ಮೆತ್ತಿದ ತುಟಿ, ಎಲ್ಲ ಹಲ್ಲುಗಳೂ ಇದ್ದ ನಗು, ನನ್ನ ಕೈಯಲ್ಲಿ ಬಾಟಲಿ. ನಾನು ನೋಡಿದ್ದೆ. ನೋಡಿ ಕೋಣೆಗೆ ಹೋಗಿ ಬಾಟಲಿಯನ್ನು ಪುಸ್ತಕಗಳ ಹಿಂದೆ ಇಟ್ಟಿದ್ದೆ. ದೀಪಾವಳಿಯಿಂದ ಜನವರಿಯ ಕೊನೆಯ ತನಕ ಎಷ್ಟು ವಾರಗಳೆಂದು ಯಾರಾದರೂ ಎಣಿಸಬಹುದು. ಹಿಂದೆ ಬೀಳಬಹುದೆಂದು ಡಾಕ್ಟರು ಹೆದರಿದ್ದ ಅವಳ ನೆನಪು ಸರಿಯಾಗಿಯೇ ಇತ್ತು.

ಅಣ್ಣ ಒಂದು ರಿಮೋಟಿನ ಸ್ಕ್ರೂ ಬಿಚ್ಚುತ್ತಿದ್ದ. "ನಿನಗ ನೆನಪಿಲ್ಲ, ಸುಮ್ನ ಓದು," ಎಂದ ಮಗಳಿಗೆ.

"ಇಲ್ಲ, ಆಕಿ ಹೇಳಿದ್ದು ಖರೆ," ಅಂದೆ.

ಅವನು ಸ್ಕ್ರೂವನ್ನು ಅಂಗೈಯಲ್ಲಿಟ್ಟುಕೊಂಡು ಹುಡುಗಿಯನ್ನು ನೀರು ತರಲು ಒಳಗೆ ಕಳಿಸಿದ. "ನನಗ ಮಸ್ಕ್ಯಾಗ ಗೊತ್ತಾತು, ನೀ ಹೋದ ವಾರ ಅಂದಾಗ. ದೀಪಾವಳಿಗಿಂತ ಮೊದಲಿಂದ ನೀ ನಿನ್ನ ಗಂಗಾಳ ಸಬಕಾರ ಹಚ್ಚಿ ತೊಳ್ಕೊಳಾಕತ್ತಿದ್ದಿ. ಮಗ ಶ್ಯಾಣ್ಯಾ ಆಗ್ಯಾನ ಅಂತ ಚಿಗವ್ವ ಊರಿಗೆಲ್ಲ ಹೇಳಿದ್ಳು."

ಮತ್ತೆ ಯಾಕೆ ಇಷ್ಟು ವರ್ಷ ಕೇಳಲಿಲ್ಲ ಎಂದೆ.

"ಕೇಳಿದ್ರ ನೀ ಬರೋದ ಬಿಡ್ತಿದ್ದಿ. ಇಕಿಗೆ ಪಾಠ ಯಾರು ಹೇಳ್ತಿದ್ರು, ನಾನಾ?"

ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನನ್ನು ಹೊಗಳಿಕೊಂಡು ತಿರುಗಿದ್ದ. ನಾಚಿಕೆ ಆಮೇಲೆ ಬಂತು. ಆ ಕ್ಷಣಕ್ಕೆ ನನ್ನಲ್ಲಿ ಎದ್ದದ್ದು ಹಳೆಯ ಹೊಟ್ಟೆಕಿಚ್ಚೇ. ಇದರಲ್ಲೂ ಅವನೇ ದೊಡ್ಡವನಾಗಿದ್ದ. ಏನು ಮಾಡಬೇಕೆಂದು ತಿಳಿಯದೆ ಚಹಾ ಕುಡಿದ ಕಪ್ಪನ್ನು ತೊಳೆಯಲು ಎದ್ದೆ.

"ಇಡು ಲೇ ಅಲ್ಲೇ," ಅಂದ.