ಧರ್ಮಣ್ಣನ ಗುಮಾನಿ

ಸದಾಶಿವ ಪೇಠದಲ್ಲಿ ಸೈಬರ್ ಕೆಫೆ ನಡೆಸುವ ನಮ್ಮ ವಿಜಾಪುರದ ಧರ್ಮಣ್ಣನಿಗೆ ಸಂಶಯವೇ ಬಂಡವಾಳ. ಕ್ಯಾಬಿನ್ನುಗಳ ಬಾಗಿಲನ್ನೆಲ್ಲ ಕಿತ್ತು ಅಟ್ಟಕ್ಕೆ ಹಾಕಿದ್ದಾನೆ, ಎತ್ತರದ ಸ್ಟೂಲಿನ ಮೇಲೆ ಕೂತು ಎಂಟೂ ಪರದೆಗಳನ್ನು ಕಾಯುತ್ತಾನೆ, ಮುದುಕರು ರೈಲಿನ ವೇಳೆ ನೋಡಿದರೂ "ಯಾರ ಸಂಗಡ ಹೊಂಟೀರಿ?" ಎನ್ನುತ್ತಾನೆ. ಗಿರಾಕಿ ಎದ್ದ ಕೂಡಲೇ ಆ ಕುರ್ಚಿಯಲ್ಲಿ ತಾನು ಕೂತು, ಅವರು ಏನೇನು ನೋಡಿದರೆಂದು ತಪಾಸಣೆ ಮಾಡದಿದ್ದರೆ ಅವನಿಗೆ ಚಹಾ ಇಳಿಯುವುದಿಲ್ಲ. ಶಾಲೆಯ ಹೊತ್ತಿನಲ್ಲೇ, ದಿನಾ ಹನ್ನೊಂದಕ್ಕೆ ಸರಿಯಾಗಿ ಬರುವ ಹದಿನೈದರ ರೇಣು ಮೇಲಂತೂ ವಿಪರೀತ ಗುಮಾನಿ. "ಶಾಲಿ ಬಿಟ್ಟು ಇಲ್ಲೇನವ್ವಾ?" ಎಂದರೆ ಅವಳು ಕಂಪ್ಯೂಟರ್ ತೋರಿಸಿ, "ನನ್ನ ಶಾಲಿ ಇದರಾಗ ಅದರೀ, ಕಾಕಾ" ಎನ್ನುತ್ತಿದ್ದಳು. "ಡಬ್ಬಿಯೊಳಗ ಎಂಥಾ ಶಾಲಿ!" ಎಂದು ಧರ್ಮಣ್ಣ ನಮ್ಮ ಕಡೆ ಹುಬ್ಬು ಹಾರಿಸುತ್ತಿದ್ದ. ಮೊನ್ನೆ ಅವಳು ಟೀಚರಿಗೆ ಬರೆದ ಪತ್ರವನ್ನು ಮುಚ್ಚದೆ ಎದ್ದು ಹೋದಳು. ಧರ್ಮಣ್ಣ ಬಿಡುತ್ತಾನೆಯೇ? ಓದಿದ: "ಡಾಕ್ಟರ್ ಹೇಳಿದಂತೆ ದಿನಾ ಮನೆಯಿಂದ ಹೊರಗೆ ಬರುತ್ತಿದ್ದೇನೆ, ಮಿಸ್. ಶಾಲೆಯ ಗೇಟು ಕಂಡರೆ ಈಗಲೂ ಉಸಿರು ಕಟ್ಟುತ್ತದೆ. ಇಲ್ಲಿ ಮಾತ್ರ ಹೆದರಿಕೆಯಿಲ್ಲ. ಕಾಕಾ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾರೆ." ಇಷ್ಟಕ್ಕೆ ಧರ್ಮಣ್ಣ ಸುಧಾರಿಸಿದನೆಂದು ತಿಳಿಯಬೇಡಿ. ಹನ್ನೊಂದು ಹತ್ತಾದರೂ ಅವಳು ಕಾಣದಿದ್ದರೆ, ಎಂಟು ಪರದೆಗಳನ್ನೂ ಕಾವಲಿಲ್ಲದೆ ಬಿಟ್ಟು ರಸ್ತೆಗಿಳಿದು, ಬರುವ ಒಂದೊಂದು ರಿಕ್ಷಾವನ್ನೂ ಗುಮಾನಿಯಿಂದ ನೋಡುತ್ತ ನಿಲ್ಲುತ್ತಾನೆ.