ಒಂದೂವರೆ ಕಿಲೋ ಸೇರಿಸಿ

ಕುಸ್ತಿ ಮೇಷ್ಟ್ರ ಕಣ್ಣಿಗೆ ಯಾರೇ ಆಗಲಿ ಮೊದಲು ಕಿಲೋ, ಆಮೇಲೆ ಮನುಷ್ಯ. ಮದುವೆಗೆ ಹೋದರೆ ಗಂಡು ಹೆಣ್ಣಿಗೆ ಶುಭ ಕೋರುವ ಮೊದಲೇ "ಎಪ್ಪತ್ತನಾಲ್ಕು, ಐವತ್ತೆಂಟು" ಎಂದು ಗೊಣಗಿಬಿಡುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ ಚಿವುಟುತ್ತಿದ್ದರು. "ರೀ, ಅವರೇನು ಅಂಗಡಿ ಮೂಟೆಗಳಾ? ಸ್ವಲ್ಪ ನಗ್ತಾ ಮಾತಾಡಿ ಬನ್ನಿ."

ಮೂವತ್ತೊಂದು ವರ್ಷದ ಹಿಂದೆ ಅವರು ಹೈಸ್ಕೂಲಿಗೆ ಸೇರಿದ್ದು ಭೂಗೋಳ ಕಲಿಸಲು. ಕಾಲೇಜಿನಲ್ಲಿ ಕುಸ್ತಿ ಆಡಿ ಎಡಗಿವಿ ಒಣಗಿದ ಅಣಬೆಯಂತೆ ಮುದುಡಿಹೋಗಿತ್ತು. ಆಗಿನ ಹೆಡ್‌ಮಾಸ್ಟರ್ ಆ ಕಿವಿ ನೋಡಿದವರೇ ಬೀಗದ ಕೈ ತೆಗೆದು ಮುಂದಿಟ್ಟರು. "ಹಿಂದುಗಡೆ ಒಂದು ಕುಸ್ತಿ ಕೋಣೆ ಇದೆ. ಕೋಚ್ ಬಿಟ್ಟುಹೋಗಿ ಎರಡು ವರ್ಷ ಆಯ್ತು. ಸ್ವಲ್ಪ ದಿನ ನೋಡ್ಕೊಳ್ಳಿ." ಆ ಸ್ವಲ್ಪ ದಿನವೇ ಇನ್ನೂ ಮುಗಿದಿರಲಿಲ್ಲ.

ನೀರಿನ ಟ್ಯಾಂಕಿನ ಪಕ್ಕದ ಉದ್ದನೆಯ ಕೋಣೆ. ಎರಡು ಕಿಟಕಿ, ಅದರಲ್ಲಿ ತೆರೆಯುವುದು ಒಂದು. ನೆಲದ ತುಂಬ ಹಸಿರು ಮ್ಯಾಟು. ಅದರ ಮೇಲೆ ಮ್ಯಾಟಿಗಿಂತ ಹೆಚ್ಚಾಗಿ ಅಂಟು ಪಟ್ಟಿಯೇ ಕಾಣುತ್ತಿತ್ತು. ಬೆವರು ಮತ್ತು ಫಿನಾಯಿಲ್ ಸೇರಿದ ವಾಸನೆ. ಮೂಲೆಯಲ್ಲಿ, ಯಾವುದೋ ಮುಚ್ಚಿದ ಗೋದಾಮಿನಿಂದ ಬಂದ, ಮುಳ್ಳಿನ ತೂಕದ ಮಷೀನು. ಅದು ಯಾರೇ ಹತ್ತಿದರೂ ಒಂದೂವರೆ ಕಿಲೋ ಕಡಿಮೆ ತೋರಿಸುತ್ತಿತ್ತು.

ಮೇಷ್ಟ್ರು ಮೊದಲ ವಾರವೇ ಅದನ್ನು ಕಂಡುಹಿಡಿದು ಆಫೀಸಿಗೆ ತಿಳಿಸಿದರು. ಆಫೀಸಿನವರು ಅರ್ಜಿ ಕೇಳಿದರು. ಅರ್ಜಿ ಕೊಟ್ಟರೆ ಮೂರು ಕೊಟೇಶನ್ ಕೇಳಿದರು. ಅದನ್ನೂ ಕೊಟ್ಟ ಮೇಲೆ ಫೈಲು ಎಲ್ಲಿ ಮಲಗಿತೋ ಏಳಲೇ ಇಲ್ಲ. ಬೇಸತ್ತ ಮೇಷ್ಟ್ರು ಮುಳ್ಳು ತೋರಿಸಿದ್ದಕ್ಕೆ ತಾವೇ ಒಂದೂವರೆ ಕಿಲೋ ಸೇರಿಸಿ ಬರೆದುಕೊಳ್ಳತೊಡಗಿದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಕ್ಕಳು ಒಂದು ಸಲ ಸೇರಿಸಿ, ಇವರು ಇನ್ನೊಂದು ಸಲ ಸೇರಿಸಿ ಗೊಂದಲವಾದೀತು ಎಂಬ ಮುಂದಾಲೋಚನೆ. ಹಾಗಾಗಿ ಮಷೀನು ಹತ್ತಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮುಳ್ಳು ನೋಡುವ ಹಕ್ಕು ಮೇಷ್ಟ್ರೊಬ್ಬರದೇ.

ಈ ಗುಟ್ಟು ಗೊತ್ತಿದ್ದ ಇನ್ನೊಬ್ಬನೆಂದರೆ ಹೆಂಡತಿಯ ತಮ್ಮ. ಅವನದು ತೂಕದ ಮಷೀನು ರಿಪೇರಿ ಮಾಡುವ ಅಂಗಡಿ. ತಪ್ಪು ತೂಕದ ಮಾತು ಕಿವಿಗೆ ಬಿದ್ದರೆ ಅವನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. "ಭಾವ, ಅರ್ಧ ಗಂಟೆ ಕೆಲಸ, ಸರಿ ಮಾಡಿಬಿಡ್ತೀನಿ" ಎಂದು ಬಂದಾಗಲೆಲ್ಲ ಕೇಳುವನು. "ಮುಟ್ಟಬೇಡ ಕಣಪ್ಪ. ನನಗೆ ಅದು, ಅದಕ್ಕೆ ನಾನು ಹೊಂದಿಕೊಂಡಾಗಿದೆ" ಎಂದು ಇವರು ಸಾಗಹಾಕುವರು.

ಮೂವತ್ತೊಂದು ವರ್ಷದ ಗಳಿಕೆ ಎಂದರೆ ರಾಜ್ಯ ಮಟ್ಟದ ನಾಲ್ಕು ಪದಕ, ಮುರಿದ ಎರಡು ಕೊರಳೆಲುಬು, ವಾರಸುದಾರರಿಲ್ಲದ ಕಾಲುಚೀಲಗಳ ಒಂದು ಗೋಣಿ. ಹುಡುಗರು ಗಣಿತದ ಪಿರಿಯಡ್ಡು ತಪ್ಪಿಸಲು ಕುಸ್ತಿಗೆ ಸೇರಿ, ಕುಸ್ತಿ ತಪ್ಪಿಸಲು ಗಣಿತಕ್ಕೆ ಹೋಗುತ್ತಿದ್ದರು. "ಇದರಿಂದ ಮಾರ್ಕ್ಸ್ ಬರುತ್ತಾ ಸಾರ್?" ಎಂದು ಅಪ್ಪಂದಿರು ಕೇಳುತ್ತಿದ್ದರು. ವರ್ಷದ ಅತಿ ಒಳ್ಳೆಯ ಪಟು ಒಮ್ಮೆ ಜ್ವರ ಎಂದು ರಜೆ ಹಾಕಿ ಚೆಸ್ ಪಂದ್ಯ ಗೆದ್ದು ಬಂದಿದ್ದ. ಇಷ್ಟಾದರೂ ಮೇಷ್ಟ್ರು ಒಂದು ನಿಯಮಕ್ಕೆ ಗಂಟುಬಿದ್ದಿದ್ದರು: ತೂಕ ಇಳಿಸಲು ಯಾವ ಮಗುವನ್ನೂ ಉಪವಾಸ ಕೆಡವಬಾರದು.

ನಿವೃತ್ತಿಗೆ ಮೂರು ತಿಂಗಳಿದ್ದಾಗ ಹೊಸ ಹೆಡ್‌ಮಾಸ್ಟರ್ ಬಂದರು. ಶಾಲೆಯಲ್ಲಿ ಮುರಿದ ಬೆಂಚು ಇಡಲು ಜಾಗವಿಲ್ಲ ಎಂಬುದು ಅವರಿಗೆ ಮೊದಲ ದಿನವೇ ಕಂಡಿತು. ಎರಡನೆಯ ದಿನ ಕುಸ್ತಿ ಕೋಣೆ ಕಂಡಿತು.

"ನಾಲ್ಕು ವರ್ಷದಿಂದ ಒಂದು ಪದಕ ಇಲ್ಲ ಮೇಷ್ಟ್ರೇ. ನೀವೂ ಹೊರಟ್ರಿ. ಈ ಕೋಣೆ ಸುಮ್ನೆ ಯಾಕೆ?"

"ಬೆಂಚಿಗೆ ಕಾಲು ಮುರಿದಿದೆ ಸಾರ್. ನನ್ನ ಮಕ್ಕಳ ಕಾಲು ಇನ್ನೂ ಸರಿಯಾಗಿದೆ."

"ಹಾಗಾದ್ರೆ ಜಿಲ್ಲಾ ಪಂದ್ಯದಲ್ಲಿ ಒಂದು ಪದಕ ತನ್ನಿ. ಯಾವ ಬಣ್ಣದ್ದಾದ್ರೂ ಸರಿ. ಕೋಣೆ ನಿಮ್ಮ ಮಕ್ಕಳದೇ, ಬರೆದುಕೊಡ್ತೀನಿ. ಇಲ್ಲಾಂದ್ರೆ ಸೋಮವಾರ ಮ್ಯಾಟು ಹೊರಗೆ, ಬೆಂಚು ಒಳಗೆ."

ಇದ್ದ ಏಳು ಮಕ್ಕಳಲ್ಲಿ ಪದಕದ ಆಸೆ ಇದ್ದದ್ದು ಒಬ್ಬಳ ಮೇಲೆ. ಹತ್ತನೇ ಕ್ಲಾಸಿನ ಹುಡುಗಿ, ಐವತ್ತು ಕಿಲೋ ವಿಭಾಗ. ಎದುರಾಳಿಯ ಕಾಲು ಸಿಕ್ಕರೆ ಬಿಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವಳನ್ನು ಜಿಗಣೆ ಎನ್ನುತ್ತಿದ್ದರು. ತೂಕ ಸರಿಯಾಗಿ ಐವತ್ತು, ಅಳೆದು ಮಾಡಿಸಿದಂತೆ.

ಪಂದ್ಯಕ್ಕೆ ಆರು ದಿನವಿದ್ದಾಗ, ಸೋಮವಾರ ಬೆಳಗ್ಗೆ, ಜಿಗಣೆ ಮಷೀನು ಹತ್ತಿ ಗೋಡೆ ನೋಡುತ್ತ ನಿಂತಳು. ಮುಳ್ಳು ಐವತ್ತಕ್ಕೆ ಹೋಗಿ ನಿಂತಿತು. ಮೇಷ್ಟ್ರು ಒಂದೂವರೆ ಸೇರಿಸಿದರು. 

"ಐವತ್ತೊಂದೂವರೆ! ಏನೇ ತಿಂದೆ?"

"ಏನಿಲ್ಲ ಸಾರ್. ಬ್ರೆಡ್ಡು."

"ಬೇಕರಿ ಸಮೇತನಾ?"

ಮುಂದಿನವನು ಹತ್ತಿದ, ಅವನೂ ಒಂದೂವರೆ ಹೆಚ್ಚು. ಅದರ ಮುಂದಿನವನೂ ಅಷ್ಟೇ. ಏಳು ಮಕ್ಕಳು ಒಂದೇ ವಾರದಲ್ಲಿ ಒಂದೇ ಸಮ ಒಂದೂವರೆ ಕಿಲೋ ಊದಿದ್ದಾರೆ ಎಂದರೆ ಯಾವ ಅಂಗಡಿಯವನಿಗೂ ಅನುಮಾನ ಹುಟ್ಟುತ್ತಿತ್ತು. ಮೇಷ್ಟ್ರಿಗೆ ಹುಟ್ಟಿದ್ದು ಸಿಟ್ಟು. ತಾವೇ ಹತ್ತಿ ನೋಡಿದರು. ತಾವೂ ಒಂದೂವರೆ ಹೆಚ್ಚಿದ್ದರು. ಮನೆಗೆ ಹೋಗಿ, ಎಣ್ಣೆ ಜಾಸ್ತಿ ಹಾಕುತ್ತೀಯೆಂದು ಹೆಂಡತಿಯ ಮೇಲೆ ಹಾರಾಡಿದರು. ಅವರ ಕಣ್ಣು ಮಾತ್ರ ಆ ಹುಡುಗಿಯನ್ನು ನೋಡಿದಾಗಲೆಲ್ಲ 'ಐವತ್ತು' ಎನ್ನುತ್ತಲೇ ಇತ್ತು. ಆದರೆ ಹೋದ ತಿಂಗಳಷ್ಟೇ ಹೊಸ ಕನ್ನಡಕ ಬಂದಿತ್ತು. ಕಣ್ಣನ್ನು ನಂಬುವ ಧೈರ್ಯ ಬರಲಿಲ್ಲ.

ಮೂವತ್ತೊಂದು ವರ್ಷದ ನಿಯಮ ಆ ವಾರ ಮುರಿಯಿತು. ಬಿಸಿಲಲ್ಲಿ ಸ್ವೆಟರ್ ಹಾಕಿಸಿ ಓಡಿಸಿದರು. ಊಟ ಅರ್ಧ, ಆಮೇಲೆ ಕಾಲು. ನೀರೂ ಗುಟುಕು ಲೆಕ್ಕದಲ್ಲಿ. ತಾವೂ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಸಿಡುಕುತ್ತ ತಿರುಗಿದರು.

ಗುರುವಾರ ಜಿಗಣೆಯ ತಾಯಿ ಕೋಣೆಯ ಬಾಗಿಲಿಗೇ ಬಂದರು. ಹೊಲಿಗೆ ಕೆಲಸದ ಹೆಂಗಸು. ಟೇಪು ಇನ್ನೂ ಕೊರಳಲ್ಲೇ ಇತ್ತು.

"ಸಾರ್, ಮಗಳು ತಟ್ಟೆ ಮುಂದೆ ಕೂತು ನಿಟ್ಟುಸಿರು ಬಿಡ್ತಾಳೆ. ಸೊಂಟ ಅಳೆದೆ, ಒಂದು ಇಂಚು ಇಳಿದಿದೆ. ನಿಮ್ಮ ಮಷೀನು ಏನನ್ನುತ್ತೆ?"

"ಇನ್ನೂ ಅರ್ಧ ಕಿಲೋ ಇದೆ ಅನ್ನುತ್ತಮ್ಮ. ಮಷೀನು ಸುಳ್ಳು ಹೇಳಲ್ಲ."

ಮೂವತ್ತೊಂದು ವರ್ಷದಿಂದ ಅದು ದಿನಾ ಹೇಳುತ್ತಿದ್ದ ಸುಳ್ಳನ್ನು ತಿದ್ದುತ್ತ ಬಂದವರ ಬಾಯಲ್ಲಿ ಈ ಮಾತು ಬಂತು. ತಾಯಿ ಟೇಪು ಸುತ್ತಿಕೊಂಡು, "ಕೋಣೆ ಉಳಿಸೋದಕ್ಕೆ ನನ್ನ ಮಗಳನ್ನ ಕರಗಿಸಬೇಡಿ" ಎಂದಷ್ಟೇ ಹೇಳಿ ಹೋದರು.  ಆ ಸಿಟ್ಟಿಗೆ ಮೇಷ್ಟ್ರು ಬೇರೆ ಹುಡುಗರನ್ನು ಇನ್ನೆರಡು ಸುತ್ತು ಓಡಿಸಿದರು.

ಪಂದ್ಯದ ದಿನ ಬೆಳಗ್ಗೆ ತೂಕದ ಸಾಲು. ಜಿಗಣೆ ಹತ್ತಿದಳು. ಅಧಿಕಾರಿ ಓದಿದರು: "ನಲವತ್ತೆಂಟೂವರೆ. ಮುಂದಿನವರು."

"ಎಷ್ಟು?" ಮೇಷ್ಟ್ರು ಕೂಗಿದರು. "ಇನ್ನೊಂದು ಸಲ ನೋಡಿ!"

ಇನ್ನೊಂದು ಸಲವೂ ಅಷ್ಟೇ. ಏಳೂ ಮಕ್ಕಳು ಮೇಷ್ಟ್ರ ಲೆಕ್ಕಕ್ಕಿಂತ ಒಂದೂವರೆ ಕಿಲೋ ಕಮ್ಮಿ. ಮೇಷ್ಟ್ರು ಅಧಿಕಾರಿಯ ಮೇಜು ಗುದ್ದಿದರು. "ನಿಮ್ಮ ಮಷೀನು ಕೆಟ್ಟಿದೆ ಸ್ವಾಮಿ!"

ಅಧಿಕಾರಿ ಸೀಲು ಹಾಕಿದ ಇಪ್ಪತ್ತು ಕಿಲೋ ಕಬ್ಬಿಣದ ಬಟ್ಟನ್ನು ಎತ್ತಿ ಮಷೀನಿನ ಮೇಲಿಟ್ಟರು. ಇಪ್ಪತ್ತು. ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಪಂದ್ಯ ನೋಡಲು ಬಂದಿದ್ದ ಭಾವಮೈದುನ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟ. ಮುಖ ತುಂಬ ನಗು. "ಭಾವ, ಈಗ ನಿಮ್ಮ ಮಷೀನೂ ಹಿಂಗೇ ತೋರಿಸುತ್ತೆ. ಹೋದ ಭಾನುವಾರ ವಾಚ್‌ಮನ್ ಕೈಲಿ ಬಾಗಿಲು ತೆಗೆಸಿ ಸರಿ ಮಾಡಿದೆ. ರಿಟೈರ್ ಆಗೋ ಹೊತ್ತಿಗೆ ನಿಮಗೊಂದು ಉಡುಗೊರೆ. ಹೇಳಬಾರದು ಅಂತಲೇ ಹೇಳಲಿಲ್ಲ!"

ಮೇಷ್ಟ್ರು ಅವನನ್ನು ನೋಡಿದರು. ಅರವತ್ತೆಂಟು ಕಿಲೋ. ಎತ್ತಿ ಎಸೆಯಬಹುದಾದ ತೂಕ.

"ಪುಣ್ಯಾತ್ಮ," ಎಂದರು, "ಮೂವತ್ತೊಂದು ವರ್ಷ ಕಾದವನಿಗೆ ಇನ್ನೊಂದು ವಾರ ಕಾಯೋಕಾಗ್ಲಿಲ್ವಾ? ಹೋಗು. ಮೂರು ಡಜನ್ ಬಾಳೆಹಣ್ಣು ತಗೊಂಡು ಬಾ. ಓಡು!"

ಕುಸ್ತಿಗೆ ಎರಡು ಗಂಟೆಯಿತ್ತು. ಮೆಟ್ಟಿಲ ಮೇಲೆ ಏಳು ಮಕ್ಕಳು ಸಾಲಾಗಿ ಕೂತು ಗಬಗಬ ತಿಂದರು. ಮೇಷ್ಟ್ರು ಅವರ ಮುಂದೆ ಬಂದು ನಿಂತರು. ಹೇಳಬೇಕಿದ್ದ ಮಾತು ಅವರಿಗೆ ಅಭ್ಯಾಸವಿರಲಿಲ್ಲ.

"ನೀವ್ಯಾರೂ ದಪ್ಪ ಆಗಿರಲಿಲ್ಲ. ತಪ್ಪು ನಂದು."

"ಬಿಡಿ ಸಾರ್," ಎಂದಳು ಜಿಗಣೆ, ಬಾಯಿ ತುಂಬ ಹಣ್ಣು. "ಇನ್ನೆರಡು ಇದ್ಯಾ?"

ಆರು ಜನ ಮೊದಲ ಸುತ್ತಿನಲ್ಲೇ ಸೋತು ಬಂದರು. ಜಿಗಣೆ ಒಂದು ಗೆದ್ದು, ಸೆಮಿಫೈನಲ್‌ನಲ್ಲಿ ಕಾಲು ನಡುಗಿ ಸೋತಳು. ಉಳಿದದ್ದು ಮೂರನೇ ಸ್ಥಾನದ ಒಂದೇ ಕುಸ್ತಿ. ಮೂವತ್ತು ಸೆಕೆಂಡು ಬಾಕಿಯಿದ್ದಾಗ ನಾಲ್ಕು-ಎರಡರಿಂದ ಹಿಂದಿದ್ದಳು. ಮೇಷ್ಟ್ರು ಎಂದಿನಂತೆ ಕೂಗಲು ಬಾಯಿ ತೆರೆದರು. ಈ ವಾರ ತಾವು ಕೂಗಿ ಹೇಳಿದ್ದೆಲ್ಲ ತಪ್ಪೇ ಎಂಬುದು ನೆನಪಾಗಿ ಮುಚ್ಚಿಕೊಂಡರು. ಅಷ್ಟರಲ್ಲಿ ಅವಳ ಕೈಗೆ ಎದುರಾಳಿಯ ಬಲಗಾಲು ಸಿಕ್ಕಿತ್ತು. ಪಟ್ಟೂ ಅಲ್ಲ, ವರಸೆಯೂ ಅಲ್ಲ. ಮೇಷ್ಟ್ರು ಕಲಿಸಿದ್ದಂತೂ ಅಲ್ಲವೇ ಅಲ್ಲ. ಸುಮ್ಮನೆ ಅಪ್ಪಿಕೊಂಡು ನೇತುಬಿದ್ದಳು. ಎದುರಾಳಿ ಕುಣಿದಳು, ಒದರಿದಳು, ಕೊನೆಗೆ ಅಂಗಾತ ಬಿದ್ದಳು. ಎರಡೂ ಭುಜ ತಾಗಿದ್ದೇ ರೆಫ್ರಿ ಮ್ಯಾಟು ತಟ್ಟಿದರು: ಚಿತ್!

ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಜಿಗಣೆಯ ತಾಯಿ ಮೇಷ್ಟ್ರ ಕಡೆ ನೋಡಲೂ ಇಲ್ಲ. ಅದು ನ್ಯಾಯವೇ ಎನ್ನಿಸಿತು ಮೇಷ್ಟ್ರಿಗೆ.

ಸೋಮವಾರ ಹೆಡ್‌ಮಾಸ್ಟರ್ ಕಂಚಿನ ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಂಚು, ಅಲ್ವಾ?"

"ಯಾವ ಬಣ್ಣದ್ದಾದ್ರೂ ಸರಿ ಅಂದಿದ್ರಿ. ಬರೆದುಕೊಡಿ ಸಾರ್."

ಬರೆಸಿಕೊಂಡ ಕಾಗದ ಜೇಬಿನಲ್ಲಿಟ್ಟುಕೊಂಡೇ ಮೇಷ್ಟ್ರು ಕೋಣೆಗೆ ಹೋದರು. ಭಾವಮೈದುನ ಅಲ್ಲೇ ತಲೆತಗ್ಗಿಸಿ ನಿಂತಿದ್ದ.

"ಮೊದಲಿದ್ದ ಹಾಗೇ ಮಾಡಿಕೊಡು," ಎಂದರು.

"ಸರಿಯಾದ ಮಷೀನನ್ನ ಕೆಡಿಸೋದಾ? ಬೇರೆ ಏನಾದ್ರೂ ಕೇಳಿ ಭಾವ, ಮಾಡ್ತೀನಿ. ಇದು ನನ್ನ ಕೈಲಿ ಆಗಲ್ಲ."

ಮೇಷ್ಟ್ರು ತಲೆ ಚಚ್ಚಿಕೊಂಡು, ಬಣ್ಣದ ಡಬ್ಬಿ ತರಿಸಿ, ಮುಂದೆ ಬರುವ ಕೋಚ್‌ಗೆಂದು ಮಷೀನಿನ ಮೇಲಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದರು: ಏನನ್ನೂ ಸೇರಿಸಬೇಡಿ. ಅದರ ಕೆಳಗೆ: ಮಕ್ಕಳು ಈ ಕಡೆ ತಿರುಗಿ ನಿಲ್ಲಬಹುದು.

ಬಣ್ಣ ಆರುವಷ್ಟರಲ್ಲಿ ತಾವೇ ಒಮ್ಮೆ ಹತ್ತಿದರು. ಮುಳ್ಳು ಎಂಬತ್ತೊಂದಕ್ಕೆ ನಿಂತಿತು.

"ಎಂಬತ್ತೆರಡೂವರೆ" ಎಂದು ಗೊಣಗಿ, ಪುಸ್ತಕ ತೆರೆದು ಬರೆದೇಬಿಟ್ಟರು.

"ಭಾವ!" ಎಂದ ಹಿಂದಿನಿಂದ ಭಾವಮೈದುನ, ಹಲ್ಲುನೋವು ಬಂದವನಂತೆ.