ಅಪ್ಪನ ಕ್ಷೌರದ ಕತ್ತಿ ಸವೆದ ಬಗೆ

ಮಗಳಿಗೆ ಕ್ಷೌರದ ಕತ್ತಿ ಮಸೆಯುವುದನ್ನು ಕಲಿಸಿದವರು ಹನೂರಿನಲ್ಲಿ ನಮ್ಮಪ್ಪ ಒಬ್ಬರೇ ಇರಬೇಕು. ಕಣ್ಣು ಮಂಜಾದ ಮೇಲೂ ಅವರು ತಮ್ಮ ಗಡ್ಡ ತಾವೇ ಕೆರೆದುಕೊಳ್ಳುತ್ತಿದ್ದರು. ಕೆನ್ನೆಯನ್ನು ಬೆರಳೇ ನೋಡಿಕೊಳ್ಳುತ್ತಿತ್ತು, ಅಲಗು ನೋಡಲು ನಾನು ಬೇಕಿತ್ತು. ನೀರು ಚಿಮುಕಿಸಿದ ಸಾಣೆಕಲ್ಲಿನ ಮೇಲೆ ಕತ್ತಿಯನ್ನು ಪೂರ್ತಿ ಮಲಗಿಸಿ, ಹರಿತದ ಕಡೆ ಮುಂದಾಗಿ ತಳ್ಳಬೇಕು. ಆಮೇಲೆ ಕಿಟಕಿಯ ಸರಳಿಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ಹಿಂದುಮುಂದಾದರೆ ಪಟ್ಟಿಯೂ ಹಾಳು, ಕತ್ತಿಯೂ ಹಾಳು.

“ಭಾರ ಬುಡ್ಬೇಡ ಕಣವ್ವ. ಮೊಂಡಾದಾಗ ಮಾತ್ರ ಕಲ್ಲಿಗಾಕು. ಸುಮ್‌ಸುಮ್ನೆ ಮಸುದ್ರೆ ಸವುದೋಯ್ತದೆ” ಅನ್ನುತ್ತಿದ್ದರು.

ಮದುವೆಯಲ್ಲಿ ಅಳಿಯನ ಕೈಗೆ ಆ ಕತ್ತಿಯನ್ನೇ ಕೊಟ್ಟರು. ವಾಚಿನ ಆಸೆಯಲ್ಲಿದ್ದ ಅತ್ತೆ ಮೂತಿ ತಿರುವಿದರು. ಮರುವರ್ಷ ಅಪ್ಪ ತೀರಿಕೊಂಡರು. ಅವರದು ಅಂತ ನನಗೆ ಉಳಿದದ್ದು ಅದೊಂದೇ.

ಅದು ಅರವತ್ತರ ದಶಕದ ಆರಂಭ. ನನ್ನ ಗಂಡನಿಗೆ ಯಳಂದೂರಿನಲ್ಲಿ ಗುಮಾಸ್ತೆ ಕೆಲಸ. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಕೊಳ್ಳೇಗಾಲಕ್ಕೆ ಬರುತ್ತಿದ್ದರು. ಮನೆಯೊಳಗೆ ಗಡ್ಡದ ಕೂದಲು ಬೀಳಬಾರದು ಅನ್ನುವುದು ಅತ್ತೆಯ ಶಾಸ್ತ್ರ. ಹಾಗಾಗಿ ಕ್ಷೌರವೆಲ್ಲ ರೂಮಿನಲ್ಲೇ, ಮಸೆಯುವುದು ಮಾತ್ರ ಇಲ್ಲಿ. ಭಾನುವಾರ ನಾನು ಕತ್ತಿ ಮಸೆದು, ಪಟ್ಟಿಗೆ ಎಳೆದು, ತಲೆಯದೊಂದು ಕೂದಲು ಕಿತ್ತು ಕತ್ತರಿಸಿ ನೋಡುತ್ತಿದ್ದೆ. ತುಕ್ಕು ಹಿಡಿಯದಂತೆ ಹರಳೆಣ್ಣೆ ಸವರಿ, ಬಟ್ಟೆ ಸುತ್ತಿ, ಮಗ್ಗದ ಮನೆಯಿಂದ ತಂದ ಕೆಂಪು ರೇಷ್ಮೆ ಎಳೆಯಿಂದ ಗಂಟು ಹಾಕಿ ಅವರ ಚೀಲಕ್ಕೆ ಇಡುತ್ತಿದ್ದೆ.

“ಬೆಣ್ಣೆ ಮ್ಯಾಲೆ ಆಡ್ದಂಗೆ ಆಡ್ತದೆ ಕಣಮ್ಮಿ” ಅನ್ನುತ್ತಿದ್ದರು ಅವರು, ನುಣ್ಣನೆಯ ಕೆನ್ನೆ ಸವರಿಕೊಂಡು.

ನನಗೋ ಕೊಂಬು ಬಂದಿತ್ತು. ವಾರವೆಲ್ಲ ಬಳಸಿದರೂ ಕತ್ತಿ ಹೋದ ಹಾಗೇ ಬರುತ್ತಿತ್ತಲ್ಲ! ಅಪ್ಪನ ಕೈಗುಣ ನನಗೆ ಇಳಿದಿದೆ ಅಂದುಕೊಂಡೆ. ಆದರೂ ಗಂಡನದು ಒರಟು ಗಡ್ಡ, ವಾರದ ನಡುವೆ ಅಲಗು ಕೈಕೊಟ್ಟರೆ ಅಂತ ಅಪ್ಪನ ಮಾತು ಮೀರಿ ಪ್ರತಿ ಭಾನುವಾರ ಕಲ್ಲಿಗೆ ಹಾಕುತ್ತಿದ್ದೆ. ಹೀಗೆ ವರ್ಷಗಳೇ ಕಳೆದವು.

ಒಂದು ಶನಿವಾರ ಚೀಲದಿಂದ ಕತ್ತಿ ತೆಗೆದರೆ, ನಾನು ಹಾಕಿದ ಗಂಟು ನಾನು ಹಾಕಿದಂತೆಯೇ ಇತ್ತು. ಬಿಚ್ಚಿದೆ. ಹರಳೆಣ್ಣೆ ಹಾಗೇ ಮಿರುಗುತ್ತಿತ್ತು. ಸೋಪಿನ ನೀರು ತಾಕಿದ್ದರೆ ಎಣ್ಣೆ ನಿಲ್ಲುತ್ತದೆಯೇ? ತಲೆಯೆತ್ತಿ ನೋಡಿದೆ. ಅವರ ಕೆನ್ನೆ ಎಂದಿನಂತೆ ನುಣ್ಣಗಿತ್ತು.

“ಯಾರತ್ರ ಮಾಡಿಸ್ಕಂಡ್ರಿ?” ಅಂದೆ.

ಮೊದಲು ನಕ್ಕರು. ನಾನು ನಗಲಿಲ್ಲ. “ಬಸ್‌ಸ್ಟ್ಯಾಂಡ್ ಅತ್ರ ಸಲೂನು ಅದೆ. ಮೊದುಲ್ನೇ ವಾರವೇ ಕೆನ್ನೆ ಕುಯ್ಕಬುಟ್ಟೆ ಕಣಮ್ಮಿ, ಭಯ ಆಯ್ತು. ನಿಂಗೆ ಬ್ಯಾಸ್ರ ಆದದು ಅಂತ ಯೋಳ್ನಿಲ್ಲ.”

ಪ್ರತಿ ಶನಿವಾರ ಬಸ್ಸು ಹತ್ತುವ ಮುಂಚೆ ಗಂಟು ಬಿಚ್ಚಿ, ಎಣ್ಣೆ ಒರೆಸಿ, ಮತ್ತೆ ಕಟ್ಟಿ ತರುತ್ತಿದ್ದರಂತೆ. ಆ ವಾರ ಮರೆತಿತ್ತು, ಅಷ್ಟೆ. ನನ್ನ ಮೈಯೆಲ್ಲ ಉರಿಯಿತು. ಸುಳ್ಳು ಬಾಯಿತಪ್ಪಿ ಬಂದಿದ್ದರೆ ಸಹಿಸಬಹುದು. ವಾರವಾರವೂ ಕೂತು ಮಾಡಿದ ಸುಳ್ಳನ್ನು ಏನೆಂದು ಸಹಿಸಲಿ?

ಮರುದಿನ ಅತ್ತೆ ಹೊಳೆಗೆ ಸ್ನಾನಕ್ಕೆ ಹೋದಾಗ ಹಿತ್ತಲಲ್ಲಿ ಮಣೆ ಹಾಕಿದೆ, ನೀರು, ಸೋಪು, ಕನ್ನಡಿ ಇಟ್ಟೆ. “ನನ್ನೆದುರ್ಗೆ ಒಂದ್ಸಲ ಕೆರ್ಕಳಿ” ಅಂದೆ. ತಪ್ಪಿಸಿಕೊಳ್ಳುವಂತಿರಲಿಲ್ಲ. ನೊರೆ ಹಚ್ಚಿಕೊಂಡರು, ಕತ್ತಿ ಎತ್ತಿಕೊಂಡರು.

ಅಲಗು ಹಿಡಿಯೊಳಕ್ಕೆ ಮಡಚಿಕೊಳ್ಳುವ ಕತ್ತಿ ಅದು. ಅಪ್ಪ ಹಿಡಿಯನ್ನು ಮೇಲಕ್ಕೆ ಮಡಿಸಿ, ಅಲಗಿನ ಬುಡವನ್ನು ಬೆರಳುಗಳ ನಡುವೆ ಹಗುರವಾಗಿ ಹಿಡಿಯುತ್ತಿದ್ದರು. ಹಿಡಿಯನ್ನು ಹಾಗೆ ಮಡಿಸದೆ ಆ ಕತ್ತಿ ಕೆನ್ನೆಗೆ ನಿಲ್ಲುವುದೇ ಇಲ್ಲ. ಇವರು ಹಿಡಿಯನ್ನು ನೇರ ಚಾಚಿ, ಮುಷ್ಟಿ ಕಟ್ಟಿ, ಕುಡುಗೋಲು ಹಿಡಿದಂತೆ ಹಿಡಿದಿದ್ದರು. ಅಲಗು ಲೊಟಲೊಟ ಆಡುತ್ತಿತ್ತು. ಅದನ್ನು ಯಾವ ಕಡೆಯಿಂದ ಕೆನ್ನೆಗೆ ತರಬೇಕೆಂದು ತಿಳಿಯದೆ ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

ಕೆನ್ನೆ ಕುಯ್ದುಕೊಂಡದ್ದೂ ಸುಳ್ಳು. ಅಪ್ಪನ ಕತ್ತಿಯನ್ನು ಅವರು ಒಂದು ದಿನವೂ ಮುಖಕ್ಕೆ ತಂದಿರಲಿಲ್ಲ.

ಅವರ ಕೈಯಿಂದ ಅದನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ಅಪ್ಪ ಕೊಟ್ಟಾಗ ಹೆಬ್ಬೆರಳಿನಷ್ಟಿದ್ದ ಅಲಗಿನ ಅಗಲ ಈಗ ಕಿರುಬೆರಳಿನಷ್ಟಾಗಿತ್ತು. ಒಂದು ಕೂದಲನ್ನೂ ಕೆರೆಯದ ಕತ್ತಿ. ಅಷ್ಟನ್ನೂ ಸವೆಸಿದವಳು ನಾನೇ. ಪ್ರತಿ ಭಾನುವಾರ ಇವರು ಎದುರಿಗೆ ಕೂತು, ಕಾಫಿ ಕುಡಿಯುತ್ತಾ, ನಾನು ಸವೆಸುವುದನ್ನು ನೋಡುತ್ತಿದ್ದರು.